ಓಗೊಡದ ಮನೆ

ಕೂಗಿದಾಗ ನಾನು ಓ ಎನ್ನಲಿಲ್ಲ. ನಾನು ಮಾಡದೆ ಬಿಟ್ಟದ್ದು ಇಷ್ಟೇ. ಇದೂ ಒಂದು ತಪ್ಪೇ ಎಂದು ಓದುವವರಿಗೆ ಅನಿಸಬಹುದು. ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಇದರ ಭಾರ ಹೇಳದೆಯೇ ಗೊತ್ತಾಗುತ್ತದೆ. ಉಳಿದವರಿಗೆ ಗೊತ್ತಾಗಬೇಕಾದರೆ ಮೊದಲು ಊರಿನ ವಿಷಯ ಹೇಳಬೇಕು. ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದವಳು ನನ್ನ ಅಕ್ಕ. ಅವಳು ಈಗ ಇಲ್ಲ. ನಾನು ಏಳನೆಯ ತರಗತಿ ದಾಟದವನು, ಬರೆದು ಅಭ್ಯಾಸವಿಲ್ಲ. ಅವಳಿಂದ ಕೇಳಿದ್ದನ್ನು, ಅವಳನ್ನು ಕಂಡದ್ದನ್ನು ನೆನಪಾದ ಹಾಗೆ ಬರೆಯುತ್ತೇನೆ.

ಕರಾವಳಿಯಲ್ಲಿ ನದಿಯ ನಡುವಿನ ನೆಲಕ್ಕೆ ಕುದ್ರು ಎನ್ನುತ್ತಾರೆ. ಸಮುದ್ರ ಸೇರುವ ಮೊದಲು ನಮ್ಮ ನದಿ ದಾರಿ ತಪ್ಪಿದ ಹಾಗೆ ಹಲವು ಕವಲಾಗಿ ಹರಿಯುತ್ತದೆ. ಆ ಕವಲುಗಳ ನಡುವೆ ಸಣ್ಣದು ದೊಡ್ಡದು ಎಂದು ಅನೇಕ ಕುದ್ರುಗಳು. ಒಂದೊಂದರಲ್ಲಿ ಒಂದು ಮನೆ, ಹೆಚ್ಚೆಂದರೆ ಎರಡು. ಎಲ್ಲ ಸೇರಿ ಒಂದೇ ಊರು. ಬೀದಿ ಇಲ್ಲ, ಪೇಟೆ ಇಲ್ಲ, ಊರಿನ ನಡು ಎಂದು ತೋರಿಸುವ ಜಾಗವೇ ಇಲ್ಲ. ಜನಗಣತಿಗೆ ಬಂದ ಮಾಸ್ತರರೊಬ್ಬರು ದೋಣಿ ಹತ್ತುವ ಕಡವಿನಲ್ಲಿ ನಿಂತು, "ಊರು ಎಲ್ಲಿ ಮಾರಾಯ್ತಿ?" ಎಂದು ಕೇಳಿದರಂತೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕ, "ನೀವು ನೋಡ್ತಾ ಇರುವುದೇ ಊರು. ಸ್ವಲ್ಪ ಒದ್ದೆಯಾಗಿದೆ, ಅಷ್ಟೆ" ಎಂದಳಂತೆ.

ಇಂಥ ಊರಿನಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಹೇಗೆ? ಅದಕ್ಕೆ ಪ್ರತಿ ಮನೆಗೂ ಒಂದು ಕೂಗು ಇತ್ತು. ಮಾತಲ್ಲ, ಹೆಸರಲ್ಲ, ಬರೀ ಸ್ವರ. ಕಡವಿಗೆ ಬಂದವರು ಯಾವ ಮನೆಗೆ ಹೋಗಬೇಕೋ ಆ ಮನೆಯ ಕೂಗು ಹಾಕಬೇಕು. ಮನೆಯಲ್ಲಿ ಯಾರಿದ್ದರೂ, ತೊಟ್ಟಿಲು ಬಿಟ್ಟ ಮಗುವಾದರೂ, ಓ ಎನ್ನಬೇಕು. ಆಮೇಲೆ ದೋಣಿ ಬರುತ್ತದೆ. ಬೇರೆ ಮನೆಯವರು ಓಗೊಡುವಂತಿಲ್ಲ. ತಮ್ಮ ಮನೆಯನ್ನು ತಾವೇ ಕೂಗಿದವರು ತಾವೇ ಓ ಎಂದುಕೊಳ್ಳುವಂತಿಲ್ಲ. ಮನೆಯಲ್ಲಿ ಸಾವಾಗಿದ್ದರೆ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ದಿನ ಸೂತಕ ಕಳೆಯುವ ತನಕ ಆ ಮನೆಯವರು ಓ ಎನ್ನಬಾರದು. ಆಗ ಪಕ್ಕದ ಕುದ್ರುವಿನವರು ದೋಣಿಯ ಅಂಚಿಗೆ ಕೋಲಿನಿಂದ ಟಕ್ ಟಕ್ ಎಂದು ಬಡಿಯುತ್ತಾರೆ. ಕೂಗಿದವನಿಗೆ ಅರ್ಥವಾಗುತ್ತದೆ. ಬಡಿದವರೇ ದೋಣಿ ತಂದು ಅವನನ್ನು ದಾಟಿಸುತ್ತಾರೆ. ಓ ಎನ್ನುವುದೂ ಕೇಳಲಿಲ್ಲ, ಬಡಿಯುವುದೂ ಕೇಳಲಿಲ್ಲ ಎಂದರೆ ಆ ಮನೆಯಲ್ಲಿ ಇನ್ನು ಯಾರೂ ಇಲ್ಲ ಎಂದು ಲೆಕ್ಕ.

ನಮ್ಮ ಮನೆಯದು ಎರಡು ಗಿಡ್ಡ, ಒಂದು ಉದ್ದ, ಉದ್ದದ ಕೊನೆಯನ್ನು ಮೇಲಕ್ಕೆ ಎತ್ತಿ ಬಿಡುವುದು. ಯಾಕೆ ಎತ್ತಬೇಕು ಎಂದು ಸಣ್ಣವನಿದ್ದಾಗ ಕೇಳಿದ್ದೆ. ಕಡವಿಗೂ ನಮ್ಮ ಕುದ್ರುವಿಗೂ ನಡುವೆ ಅಜ್ಜಿಯ ಕಾಲದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡದ ಕಾಡಿತ್ತಂತೆ. ಸ್ವರ ಅದರ ಮೇಲಿಂದ ಹಾರಬೇಕಿತ್ತು. "ಕಾಂಡ್ಲ ಕಡಿದು ಯಾವ ಕಾಲವಾಯ್ತು. ನಮ್ಮ ಕೂಗಿಗೆ ಅದು ಗೊತ್ತಿಲ್ಲ, ಇನ್ನೂ ಹಾರುತ್ತಾ ಉಂಟು" ಎಂದು ಅಕ್ಕ ನಗುತ್ತಿದ್ದಳು.

ಅವಳಿಗೆ ಎಲ್ಲ ಮನೆಯ ಕೂಗೂ ಬರುತ್ತಿತ್ತು. ಊರಿನ ಚರಿತ್ರೆ ಎಂದರೆ ಅವಳಿಗೆ ಆ ಕೂಗುಗಳೇ. ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನಿಂದ ಹಿಡಿದು, ದೋಣಿ ನದಿಯಲ್ಲಿ ಮೇಲೇರುತ್ತಾ ಬಂದ ಹಾಗೆ ಒಂದೊಂದೇ ಮನೆ ಹೇಳುತ್ತಿದ್ದಳು. ಮೊದಲನೆಯದು ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುವವರ ಮನೆ. ಊರಿಗೆ ಮೊದಲು ಬಂದವರು ಅವರೇ. ಮನೆ ನಿಂತಿರುವುದೇ ಚಿಪ್ಪಿನ ರಾಶಿಯ ಮೇಲೆ. ಹೊಗೆಗೆ ಗಂಟಲು ಕಟ್ಟಿದವರಾದ್ದರಿಂದ ಅವರ ಕೂಗು ತಗ್ಗಿನದು. ಅದರಾಚೆ ಕರಾವಳಿಯ ಮುಸಲ್ಮಾನರಾದ ಬ್ಯಾರಿಗಳ ಮನೆ, ಮೊದಲು ಕಡವಿನ ದೋಣಿ ನಡೆಸಿದವರು. ಆಮೇಲೆ ಕೊಂಕಣಿ ಮಾತಾಡುವ ಕ್ರೈಸ್ತರಾದ ಪುರ್ಬುಗಳ ಮನೆ. ಒಂದು ದೊಡ್ಡ ನೆರೆಯಲ್ಲಿ ನೀರು ಅವರ ಕುದ್ರುವಿನ ನಡುವೆಯೇ ಹೊಸ ದಾರಿ ಮಾಡಿಕೊಂಡಿತು. ಮನೆ ಒಂದು ಕಡೆ, ದನದ ಹಟ್ಟಿ ಇನ್ನೊಂದು ಕಡೆ ಆಯಿತು. ಅಂದಿನಿಂದ ಅವರ ಕೂಗು ನಡುವೆ ಮುರಿಯುತ್ತದೆ. ಇನ್ನೊಂದು ಮನೆ ಪಾಲಾದಾಗ ಕೂಗು ಯಾರಿಗೆ ಎಂದು ಅಕ್ಕತಂಗಿಯರಿಗೆ ದೊಡ್ಡ ಜಗಳವಾಯಿತಂತೆ. ದೊಡ್ಡವಳು ಬಿಡಲಿಲ್ಲ. ತಂಗಿ ಅದೇ ಕೂಗಿಗೆ ಕೊನೆಯಲ್ಲಿ ಒಂದು ಕೆಮ್ಮು ಸೇರಿಸಿಕೊಂಡಳು. ಅವರನ್ನು ಇಂದಿಗೂ ಕೆಮ್ಮಿನ ಮನೆಯವರು ಎನ್ನುತ್ತಾರೆ.

ಇದೆಲ್ಲ ನಿಜವೋ ಅಲ್ಲವೋ ನಾನು ಹೇಳಲಾರೆ. ಅಕ್ಕನೇ ಒಮ್ಮೆ ಹೇಳಿದ ಹಾಗೆ ಇನ್ನೊಮ್ಮೆ ಹೇಳುತ್ತಿರಲಿಲ್ಲ. ಕೆಲವು ಸಲ ಹಟ್ಟಿ ತೇಲಿಹೋಗುತ್ತಿತ್ತು, ಕೆಲವು ಸಲ ದನಗಳು ಈಜಿ ಮನೆಗೆ ಬರುತ್ತಿದ್ದವು. ಯಾವ ವರ್ಷದ ನೆರೆ ಎಂದು ಕೇಳಿದರೆ, "ಅಜ್ಜಿಗೆ ಹಲ್ಲು ಇದ್ದಾಗ" ಎನ್ನುತ್ತಿದ್ದಳು.

ಅವಳು ಎಲುಬು ದೊಡ್ಡದಾದ, ಎತ್ತರದ ಹೆಂಗಸು. ಯಾವಾಗಲೂ ಕಾಲು ಸ್ವಲ್ಪ ಅಗಲಿಸಿ ನಿಲ್ಲುತ್ತಿದ್ದಳು, ದೋಣಿಯಲ್ಲಿ ನಿಂತ ಹಾಗೆ. ಮುಂದೆ ಕೆಲಸಕ್ಕೆಂದು ಬಹರೇನಿಗೆ ಬಂದ ಮೇಲೂ ಅದು ಹೋಗಲಿಲ್ಲ. ಲಿಫ್ಟಿಗೆ ಕಾಲಿಡುವಾಗ ಮೊದಲು ಒಂದೇ ಪಾದ ಇಟ್ಟು, ಒತ್ತಿ ನೋಡಿ, ಆಮೇಲೆ ಇನ್ನೊಂದು. ಟ್ಯಾಕ್ಸಿಯಲ್ಲಿ ನಾನು ಅವಳ ಪಕ್ಕ ಕುಳಿತರೆ, "ಏ ಬಾಲೆ, ಆ ಕಡೆ ಸರಿ, ವಾಲ್ತದೆ" ಎನ್ನುತ್ತಿದ್ದಳು. ನಮ್ಮ ತುಳುವಿನಲ್ಲಿ ಬಾಲೆ ಎಂದರೆ ಮಗು. ಮೀಸೆ ನರೆಯಲು ಶುರುವಾದ ಮೇಲೂ ನಾನು ಅವಳಿಗೆ ಬಾಲೆಯೇ.

ನಾನು ಶಾಲೆಗೆ ಹೋದದ್ದು ಅವಳಿಂದ. ಇಳಿತದ ಹೊತ್ತಿನಲ್ಲಿ ದೋಣಿ ಕೆಸರಿಗೆ ಕೂರುತ್ತಿತ್ತು. ಅಕ್ಕ ನನ್ನ ಯೂನಿಫಾರ್ಮನ್ನು ತಲೆಯ ಮೇಲೆ ಇಟ್ಟುಕೊಂಡು, ಸೊಂಟದವರೆಗೆ ನೀರಿನಲ್ಲಿ ನನ್ನ ಕೈ ಹಿಡಿದು ದಾಟಿಸುತ್ತಿದ್ದಳು. ಕಡವಿನಲ್ಲಿ ಮೈ ಒರೆಸಿ ಅಂಗಿ ಹಾಕಿ ಕಳಿಸುತ್ತಿದ್ದಳು. ಸಂಜೆ ನಾನು ಕೂಗಿದರೆ ಓ ಎನ್ನುವುದು ಹೆಚ್ಚಾಗಿ ಅವಳೇ. ಆದರೆ ಶಾಲೆಯಲ್ಲಿ ನಾನು ಕುಳಿತ ಬೆಂಚಿನಲ್ಲಿ ಬೇರೆ ಮಕ್ಕಳು ಕೂರುತ್ತಿರಲಿಲ್ಲ. ನಮ್ಮ ಕುದ್ರುಗಳಲ್ಲಿ ಹುರಿ ಮಾಡಲು ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕುತ್ತಿದ್ದರು. ಆ ನಾತ ಬಟ್ಟೆಗೆ, ಕೂದಲಿಗೆ, ಪುಸ್ತಕಕ್ಕೂ ಹತ್ತುತ್ತಿತ್ತು. "ಕುದ್ರು ಬಂತು, ಮೂಗು ಮುಚ್ಚಿ" ಎನ್ನುವುದು ನಮ್ಮ ತರಗತಿಯ ದಿನದ ತಮಾಷೆ. ಏಳನೆಯದಕ್ಕೆ ನಾನು ಸಾಕು ಎಂದೆ. ಅಕ್ಕ ಬಹಳ ಬೇಡಿಕೊಂಡಳು, ನಾನು ಕೇಳಲಿಲ್ಲ. ಶಾಲೆ ಬಿಟ್ಟೆ. ಆದರೆ ಆ ನಾತ ನನ್ನ ಹಿಂದೆಯೇ ಬರುತ್ತದೆ ಎಂಬ ಹೆದರಿಕೆ ಬಿಡಲಿಲ್ಲ.

ಗಂಡ ಬಿಟ್ಟುಹೋದ ಮೇಲೆ ಅಕ್ಕ ಮಗಳನ್ನು ಅಮ್ಮನ ಬಳಿ ಬಿಟ್ಟು ಬಹರೇನಿಗೆ ಬಂದಳು. ರಿಫಾದ ಒಂದು ದೊಡ್ಡ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿ ಅವಳಿಗೆ ಧೈರ್ಯ ಬಂತಂತೆ. "ಇದೂ ಕುದ್ರುವೇ ಅಲ್ವಾ, ಸುತ್ತ ನೀರು. ಒಂದೇ ಒಂದು ಕಾಂಡ್ಲ ಇಲ್ಲ ಅಂತ ಸ್ವಲ್ಪ ಬೇಜಾರು." ಆಮೇಲೆ ಆ ಮನೆಯ ಯಜಮಾನನ ತಮ್ಮನಿಗೆ ಹೇಳಿ ನನಗೂ ವೀಸಾ ಮಾಡಿಸಿದಳು. ನಾನು ಹೂರಾದ ಒಂದು ಕೋಲ್ಡ್ ಸ್ಟೋರಿನಲ್ಲಿ ಕೆಲಸಕ್ಕೆ ನಿಂತೆ. ಕೋಲ್ಡ್ ಸ್ಟೋರ್ ಎಂದರೆ ಇಲ್ಲಿ ದಿನಸಿ ಅಂಗಡಿ.

ರಿಫಾದ ಮನೆಯಲ್ಲಿ ಅವಳು ಮಾಡಿದ ಮೊದಲ ಕೆಲಸ ಮಕ್ಕಳಿಗೆ ಒಂದೊಂದು ಕೂಗು ಹಂಚಿದ್ದು. ಮೇಲಿನ ಮಹಡಿಯಲ್ಲಿ ಆಡುವವರನ್ನು ಊಟಕ್ಕೆ ಕರೆಯಲು ಮೆಟ್ಟಿಲ ಬುಡದಲ್ಲಿ ನಿಂತು ಕೂಗು ಹಾಕುತ್ತಿದ್ದಳು. ಆ ಮನೆಯ ಮುದುಕಿ ಮೊದಲ ದಿನ ಬೆಚ್ಚಿಬಿದ್ದು, ತನಗೆ ಬರುವ ಹರಕು ಹಿಂದಿಯಲ್ಲಿ, "ಯೇ ಕ್ಯಾ ಹೈ? ಘರ್ ಮೇ ಜಹಾಜ್ ಆಯಾ?" ಎಂದು ಕೇಳಿದಳಂತೆ. ಮನೆಯೊಳಗೆ ಹಡಗು ಬಂತಾ ಎಂದು. ಕ್ರಮೇಣ ಮುದುಕಿಯೂ ತನಗೊಂದು ಕೂಗು ಬೇಕೆಂದು ಕೇಳಿ ಪಡೆದಳು. ಒಂದು ಶುಕ್ರವಾರ ಆ ಮನೆಯವರೆಲ್ಲ ಬುದಯ್ಯ ಕಡೆಯ ಖರ್ಜೂರದ ತೋಟಕ್ಕೆ ಹೋಗಿದ್ದಾಗ ಕಿರಿಯ ಹುಡುಗಿ ಕಾಣದಾದಳು. ಎಲ್ಲರೂ ಅವಳ ಹೆಸರು ಹಿಡಿದು ಅರಚಿದರು. ಅವಳ ಅಮ್ಮ ಅಳತೊಡಗಿದಳು. ಅಕ್ಕ ಕಣ್ಣು ಮುಚ್ಚಿ ಆ ಹುಡುಗಿಯ ಕೂಗು ಹಾಕಿದಳು. ಕೂಗುವಾಗ ಅವಳು ಯಾವಾಗಲೂ ಕಣ್ಣು ಮುಚ್ಚುತ್ತಿದ್ದಳು. ಕಾಲುವೆಯ ಆಚೆಯ ಗೋಡೆಯ ಹಿಂದಿನಿಂದ ಪುಟ್ಟ ಸ್ವರದಲ್ಲಿ "ಓ" ಎಂದು ಬಂತು.

ಮರುವಾರ ನನಗೆ ಇದನ್ನು ಹೇಳುವಾಗ ಅವಳ ಮುಖ ಅರಳಿತ್ತು. "ಅರಬ್ಬಿ ಮಗು ಓ ಅಂತು ಬಾಲೆ! ನಮ್ಮ ಊರಿನ ಮಗುವಿನ ಹಾಗೆಯೇ ಓ ಅಂತು!"

ನಾನು ಆ ಮಗುವಿನಷ್ಟೂ ಆಗಲಿಲ್ಲ.

ಅಂಗಡಿಗೆ ನಮ್ಮ ಕಡೆಯವರು ಬರುತ್ತಿದ್ದರು. ಬ್ಯಾಂಕಿನವರು, ಇಂಜಿನಿಯರುಗಳು, ನರ್ಸುಗಳು. ಅವರದೊಂದು ಕನ್ನಡ ಸಂಘ ಇತ್ತು. ಹಬ್ಬದ ಅಡುಗೆಗೆ ನಾನು ಸಾಮಾನು ಒದಗಿಸುತ್ತಿದ್ದೆ, ಬಡಿಸಲೂ ಹೋಗುತ್ತಿದ್ದೆ. ಒಬ್ಬರು ಹೆಂಗಸು ಒಮ್ಮೆ ಊರು ಯಾವುದೆಂದು ಕೇಳಿದರು. ನದಿಯ ಹೆಸರು ಹೇಳಿದೆ.

"ಅಲ್ಲಿ ಎಲ್ಲಿ? ಕುದ್ರು ಅಲ್ಲ ತಾನೆ? ಅಯ್ಯೋ, ಅಲ್ಲಿಗೆ ಒಂದ್ಸಲ ಹೋಗಿದ್ದೆ ಮಾರಾಯ್ರೆ, ಎಂತ ವಾಸನೆ!"

"ಕುದ್ರು ಅಲ್ಲಕ್ಕ, ನಮ್ಮದು ದಡದಲ್ಲಿ" ಎಂದೆ.

"ದಡದಲ್ಲಿ ಅಂದ್ರೆ ಆ ಕಂಬದ ದೊಡ್ಡ ಮನೆಯಾ?"

ನಾನು ನಕ್ಕೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆ ಮನೆಯ ಅಂಗಳದಲ್ಲಿ ನಮ್ಮ ಅಮ್ಮ ಭತ್ತ ಕುಟ್ಟುತ್ತಿದ್ದರು. ನಾನು ಹಿಂದಿನ ಜಗಲಿಯಲ್ಲಿ ಕುಳಿತು ಆ ಮನೆಯವರು ಕೊಟ್ಟ ಗಂಜಿ ಕುಡಿದಿದ್ದೇನೆ. ಅಷ್ಟೇ ನನಗೂ ಆ ಮನೆಗೂ ಇದ್ದ ಸಂಬಂಧ. ಆ ದಿನದಿಂದ ನಾನು ದೊಡ್ಡ ಮನೆಯವನಾದೆ. ಕುರ್ಚಿ ಎಳೆದು ಕೂರಿಸುವವರಾದರು. ಬಡಿಸುವುದು ತಪ್ಪಿತು, ಸಮಿತಿಗೆ ಸೇರಿದೆ.

ಅಕ್ಕನೂ ಕೆಲವು ಸಲ ಹಬ್ಬಕ್ಕೆ ಬಂದು ತರಕಾರಿ ಹೆಚ್ಚಿ ಕೊಡುತ್ತಿದ್ದಳು. ಅವಳು ತಾನು ಎಲ್ಲಿಯವಳು ಎನ್ನುವುದನ್ನು ಮುಚ್ಚಿಟ್ಟವಳಲ್ಲ. ಒಂದು ದಿನ ಅದೇ ಹೆಂಗಸು ನನ್ನನ್ನು ಕೇಳಿದರು, "ಕುದ್ರುವಿನ ಆ ಅಕ್ಕ ನಿಮಗೆ ಪರಿಚಯವಾ?"

"ಹೌದು. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದವರ ಮಗಳು" ಎಂದೆ.

ಇದನ್ನು ಬರೆಯುವಾಗಲೂ ನನ್ನ ಕೈ ಹಿಂದೆಗೆಯುತ್ತದೆ. ಆದರೆ ಅಂದು ನಾಲಗೆ ಹಿಂದೆಗೆಯಲಿಲ್ಲ, ಸಲೀಸಾಗಿ ಹೇಳಿತು. ನಮ್ಮದು ಹೆಣ್ಣಿನ ಕಡೆಯಿಂದ ಬೆಳೆಯುವ ಅಳಿಯಕಟ್ಟಿನ ಮನೆತನ. ಮನೆ ಎಂದರೆ ಅಕ್ಕ. ತಮ್ಮಂದಿರು ಎಲ್ಲಿ ಬದುಕಿದರೂ ಆ ಮನೆಯವರು. ನಾನು ಅವಳನ್ನು ಅಲ್ಲಗಳೆದದ್ದು ಎಂದರೆ ನಾನು ನಿಂತ ನೆಲವನ್ನೇ ಅಲ್ಲಗಳೆದ ಹಾಗೆ.

ಮಾತು ಅವಳ ಕಿವಿಗೆ ಬೀಳದೆ ಇರಲಿಲ್ಲ. ಆ ಹೆಂಗಸೇ ಅಡುಗೆಮನೆಯಲ್ಲಿ ಅವಳಿಗೆ ಹೇಳಿದರು, "ಇವರ ಮನೆಯಲ್ಲಿ ನಿಮ್ಮ ಅಮ್ಮ ಕೆಲಸಕ್ಕಿದ್ದರಂತೆ ಅಲ್ವಾ?" ನಾನು ಬಾಗಿಲ ಬಳಿ ತೆಂಗಿನಕಾಯಿ ಚೀಲ ಇಳಿಸುತ್ತಿದ್ದೆ. ಅಕ್ಕ ಸೌತೆಕಾಯಿ ಹೆಚ್ಚುತ್ತಿದ್ದಳು. ಕತ್ತಿ ನಿಲ್ಲಲಿಲ್ಲ.

"ಹೌದಕ್ಕ. ದೊಡ್ಡ ಮನೆಯ ಗಂಜಿ ಕುಡಿದು ಬೆಳೆದವಳು ನಾನು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಚೀಲ ಅಲ್ಲೇ ಇಡಿ, ನಾನು ತೆಗಿತೇನೆ. ನೀವು ಯಾಕೆ ಹೊತ್ತದ್ದು?" ಎಂದಳು.

ನೀವು. ಕೈ ಹಿಡಿದು ನದಿ ದಾಟಿಸಿದವಳು ನನ್ನನ್ನು ನೀವು ಎಂದಳು. ಅಂದಿನಿಂದ ನಾಲ್ಕು ಜನರ ಮುಂದೆ ನಾನು ಅವಳಿಗೆ ನೀವು. ಶುಕ್ರವಾರ ಹೂರಾದ ನನ್ನ ರೂಮಿಗೆ ಬಂದಾಗ ಮತ್ತೆ ಬಾಲೆ. ಅದರ ಬಗ್ಗೆ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಘದ ಕಾರ್ಯದರ್ಶಿಗಳು ಮೈಸೂರು ಕಡೆಯವರು, ಹಳೆಯದೆಲ್ಲ ಉಳಿಯಬೇಕು ಎನ್ನುವ ಆಸೆಯ ಮನುಷ್ಯ. ಸದಸ್ಯರು ತಮ್ಮ ತಮ್ಮ ಊರಿನ ಚರಿತ್ರೆ ಹೇಳುವ ಒಂದು ಸಂಜೆಯನ್ನು ಅವರು ಏರ್ಪಾಡು ಮಾಡಿದರು. ಅಕ್ಕ ತರಕಾರಿ ಹೆಚ್ಚುತ್ತಾ ಕೆಮ್ಮಿನ ಮನೆಯ ಕಥೆ ಹೇಳುವುದನ್ನು ಅವರು ಬಾಗಿಲಲ್ಲಿ ನಿಂತು ಕೇಳಿದ್ದರು.

"ಮೇಡಂ, ಇದನ್ನ ನೀವು ಸ್ಟೇಜ್ ಮೇಲೆ ಹೇಳ್ಬೇಕು. ಹೀಗೇ, ಎಲ್ಲಾ ಕೂಗೂ ಹಾಕಿ."

"ಅಯ್ಯೋ ಸರ್, ನನಗೆ ಮೈಕಿನಲ್ಲಿ ಮಾತಾಡಿ ಗೊತ್ತಿಲ್ಲ."

"ಮೈಕೇ ಬೇಡ ಬಿಡಿ. ನಿಮ್ಮ ಗಂಟಲಿಗೆ ನಮ್ಮ ಸ್ಪೀಕರ್ ಒಡೆದುಹೋಗುತ್ತೆ!"

ಆ ವಾರ ಅಕ್ಕ ರೂಮಿಗೆ ಬಂದಾಗ ನಾನು ಸಿಡುಕಿದೆ. "ನಿನಗೆ ಯಾಕೆ ಬೇಕು ಅದೆಲ್ಲ? ನಾಲ್ಕು ಜನ ನಗಾಡುವುದಕ್ಕಾ?"

ಅವಳಿಗೆ ನನ್ನ ಹೆದರಿಕೆ ತಿಳಿಯಿತು. ತಟ್ಟೆಗೆ ಮೀನಿನ ಸಾರು ಬಡಿಸುತ್ತಾ, "ನಮ್ಮ ಮನೆಯದ್ದು ಕೂಗುವುದಿಲ್ಲ ಬಿಡು. ಉಳಿದವರದ್ದು ಕೂಗ್ತೇನೆ. ನೀನು ಬಿಸಿ ಇರುವಾಗ ತಿನ್ನು" ಎಂದಳು.

ಆ ಸಂಜೆ ಸಭಾಂಗಣ ತುಂಬಿತ್ತು. ನಾನು ಸಮಿತಿಯವರ ಜೊತೆ ಮುಂದಿನ ಸಾಲಿನಲ್ಲಿದ್ದೆ. ಅಕ್ಕ ಹಸಿರು ಸೀರೆ ಉಟ್ಟು ವೇದಿಕೆಗೆ ಬಂದಳು. ಹಲಗೆಯ ಮೇಲೆ ಮೊದಲು ಒಂದು ಪಾದ ಒತ್ತಿ ನೋಡಿ, ಆಮೇಲೆ ಇನ್ನೊಂದು ಪಾದ ಇಟ್ಟಳು. ಸಭೆ ನಕ್ಕಿತು. ಅವಳೂ ನಕ್ಕಳು. ಕೂಗಿನ ಕಟ್ಟಳೆಗಳನ್ನು ವಿವರಿಸಿದಳು, ಸೂತಕದ ಬಡಿತವನ್ನು ಮೇಜಿಗೆ ಗೆಣ್ಣಿನಿಂದ ಬಡಿದು ತೋರಿಸಿದಳು. ಆಮೇಲೆ ಅಳಿವೆ ಬಾಗಿಲಿನಿಂದ ಶುರು ಮಾಡಿದಳು. ಸುಣ್ಣದವರ ಮನೆ, ಬ್ಯಾರಿಗಳ ಮನೆ, ಪುರ್ಬುಗಳ ಮನೆ. ಒಂದೊಂದಕ್ಕೂ ಕಥೆ ಹೇಳಿ, ಕಣ್ಣು ಮುಚ್ಚಿ ಕೂಗು ಹಾಕಿ, "ಆ ಮನೆಯವರು ಯಾರೂ ಇಲ್ಲಿಲ್ಲ, ಇವತ್ತಿಗೆ ಕಟ್ಟಳೆ ಮೀರಿ ನಾನೇ ಹೇಳ್ತೇನೆ" ಎಂದು ತಾನೇ ಓ ಎನ್ನುತ್ತಿದ್ದಳು. ಕೆಮ್ಮಿನ ಮನೆಗೆ ಬಂದಾಗ ಮಕ್ಕಳೆಲ್ಲ ಕೆಮ್ಮಿದರು. ಇಷ್ಟು ಜನ ಒಟ್ಟಿಗೆ ಅವಳ ಮಾತು ಕೇಳಿದ್ದು ಅದೇ ಮೊದಲು. ಅವಳು ಅಲ್ಲಿರಲಿಲ್ಲ, ದೋಣಿಯಲ್ಲಿದ್ದಳು. ಒಂದು ಕುದ್ರು ಕಳೆದು ಇನ್ನೊಂದು ಕುದ್ರುವಿಗೆ ಹೋಗುತ್ತಿದ್ದಳು.

ಕೆಮ್ಮಿನ ಮನೆಯ ನಂತರದ್ದು ನಮ್ಮ ಮನೆ.

ಅವಳು ನನಗೆ ಕೊಟ್ಟ ಮಾತನ್ನು ಬೇಕೆಂದು ಮುರಿಯಲಿಲ್ಲ, ಇದು ನನಗೆ ಖಂಡಿತ ಗೊತ್ತು. ಅಳಿವೆಯಿಂದ ಏರಿ ಬಂದ ದೋಣಿ ತನ್ನ ಮನೆಯ ಮುಂದೆ ನಿಲ್ಲದೆ ಹೇಗೆ ಹೋಗುತ್ತದೆ? ಕಣ್ಣು ಮುಚ್ಚಿಯೇ ಇತ್ತು. ಎರಡು ಗಿಡ್ಡ, ಒಂದು ಉದ್ದ. ಕಡಿದುಹೋದ ಕಾಂಡ್ಲದ ಮೇಲಿಂದ ಆ ಸ್ವರ ಹಾರಿ ಬಂತು. ನನ್ನ ಎದೆಯೊಳಗೆ ಓ ಎದ್ದು ಗಂಟಲಿಗೆ ಬಂತು. ನಾನು ಹಲ್ಲು ಕಚ್ಚಿ ಹಿಡಿದೆ.

ಅವಳು ಕಾದಳು. ಉಳಿದ ಮನೆಗಳಿಗೆ ತಾನೇ ಓಗೊಟ್ಟವಳು ಇದಕ್ಕೆ ಕೊಡಲಿಲ್ಲ. ಕೊಡುವಂತೆಯೂ ಇರಲಿಲ್ಲ, ಅದು ಅವಳದೇ ಮನೆ. ಪಕ್ಕದಲ್ಲಿದ್ದವರು ನನ್ನ ಕಡೆ ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕಾರ್ಯಕ್ರಮದ ಹಾಳೆಯನ್ನು ಓದುವವನ ಹಾಗೆ ತಲೆ ತಗ್ಗಿಸಿದ್ದೆ. ಹಿಂದಿನ ಸಾಲಿನಿಂದ ಕುಂದಾಪುರದ ಇಲೆಕ್ಟ್ರಿಷಿಯನ್ ಒಬ್ಬ, ಎಲ್ಲದಕ್ಕೂ ತಮಾಷೆ ಮಾಡುವವನು, "ದೋಣಿಯಂವ ಮನಿಕಂಡಿದ್ದ ಕಾಣಿ!" ಎಂದು ಕೂಗಿದ. ದೊಡ್ಡ ನಗು ಎದ್ದಿತು.

ಅಕ್ಕ ಕಣ್ಣು ತೆರೆದಳು. ತಾನು ಏನು ಕೂಗಿದೆ ಎಂದು ಆಗಲೇ ಅವಳಿಗೆ ಅರಿವಾದದ್ದಿರಬೇಕು. ನನ್ನ ಕಡೆ ನೋಡಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, "ಆ ಮನೆಯಲ್ಲಿ ಈಗ ಯಾರೂ ಇಲ್ಲ" ಎಂದಳು. ಮುಂದಿನ ಮನೆಗೆ ಹೋದಳು. ಅದರ ಕಥೆಯನ್ನೂ ಹೇಳಿದಳು. ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನನ್ನ ಮಾನ ಉಳಿಸಲು ಅವಳು ತನ್ನ ಮನೆಯನ್ನು ತನ್ನ ಬಾಯಿಂದಲೇ ಪಾಳು ಎಂದಳು. ಅಮ್ಮ ಬದುಕಿದ್ದರು. ಮಗಳಿದ್ದಳು. ಅಂಥ ಮನೆಯ ಬಗ್ಗೆ ಹಾಗೆ ಹೇಳಿದಳು.

ಮುಂದಿನ ಶುಕ್ರವಾರ ಅವಳು ಎಂದಿನಂತೆ ಬಸ್ಸಿನಲ್ಲಿ ಬಂದಳು. ಸ್ಟೀಲ್ ಡಬ್ಬಿಯಲ್ಲಿ ಸಾರು. ರಿಫಾದ ಮುದುಕಿಗೆ ಕಣ್ಣಿನ ಆಪರೇಷನ್ ಆಯಿತೆಂದಳು. ನನ್ನ ಅಂಗಿಯ ಗುಂಡಿ ಹೊಲಿದಳು. ನಾನು "ಅಕ್ಕ, ಆ ದಿನ..." ಎಂದು ಶುರು ಮಾಡಿದೆ. "ಹಲ್ಲಿನಲ್ಲಿ ದಾರ ಉಂಟು, ಮಾತಾಡಿಸಬೇಡ" ಎಂದಳು. ದಾರ ಕಡಿದ ಮೇಲೆ ನಾನು ಮತ್ತೆ ಶುರು ಮಾಡಬಹುದಿತ್ತು. ಮಾಡಲಿಲ್ಲ. ಅವಳಾಗಿಯೇ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನನಗೆ ಸುಲಭವಾಗಲಿ ಎಂದು ಅವಳು ಬೈಯಬೇಕು ಎಂದು ಬಯಸಿದೆನಲ್ಲ, ಅದೂ ನಾಚಿಕೆಯ ವಿಷಯವೇ.

ಮಂಡಿ ನೋವು ಹೆಚ್ಚಾಗಿ ಅವಳು ಊರಿಗೆ ಹಿಂತಿರುಗಿದಳು. ವಿಮಾನ ನಿಲ್ದಾಣಕ್ಕೆ ಸಂಘದವರೂ ಬಂದಿದ್ದರು. ಹಾಗಾಗಿ ಬೀಳ್ಕೊಡುವಾಗಲೂ ನಾನು ಅವಳಿಗೆ ನೀವು. "ಬರ್ತೇನೆ, ಆಯ್ತಾ? ನೀವು ಜಾಗ್ರತೆ. ಊಟ ಸರಿಯಾಗಿ ಮಾಡಿ" ಎಂದಳು. ನಾನು ಕೈ ಮುಗಿದೆ, ಪರಿಚಯದವರಿಗೆ ಮುಗಿಯುವ ಹಾಗೆ.

ಅಷ್ಟರಲ್ಲಿ ನಮ್ಮ ಕುದ್ರುಗಳಿಗೆ ಸೇತುವೆ ಆಗಿತ್ತು. ಫೋನಿನಲ್ಲಿ ಅವಳು ಅದನ್ನೇ ದೂರುತ್ತಿದ್ದಳು. "ಸಂಕ ಆದದ್ದು ಒಳ್ಳೆಯದೇ ಬಾಲೆ, ಅಮ್ಮನನ್ನು ಆಸ್ಪತ್ರೆಗೆ ರಿಕ್ಷಾದಲ್ಲೇ ಕರ್ಕೊಂಡು ಹೋದದ್ದು. ಆದ್ರೆ ಈಗ ಯಾರೂ ಕೂಗುವುದಿಲ್ಲ. ಅಂಗಳಕ್ಕೆ ಬೈಕು ಬರ್ತದೆ, ಪೇಂ ಪೇಂ ಅಂತದೆ. ಎಲ್ಲ ಮನೆಗೂ ಒಂದೇ ಪೇಂ ಪೇಂ." ಅಮ್ಮ ತೀರಿಕೊಂಡ ಮೇಲೆ ಅವಳೂ ಮಗಳೂ ಇದ್ದರು. ನಾನು ರಜೆಯಲ್ಲಿ ಹೋದಾಗ ಬೇಕೆಂದೇ ಹಳೆಯ ಕಡವಿನಲ್ಲಿ ನಿಂತು ಕೂಗಬೇಕು ಎಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ರಿಕ್ಷಾ ಹತ್ತಿ ಸೇತುವೆ ದಾಟಿದೆ.

ಒಂದು ಬೆಳಿಗ್ಗೆ ಅಂಗಡಿ ತೆರೆಯುತ್ತಿರುವಾಗ ಅಕ್ಕನ ಮಗಳ ಸ್ವರ ಫೋನಿಗೆ ಬಂತು. ಅಂಗಳ ಗುಡಿಸುತ್ತಿದ್ದ ಅಕ್ಕ ಕುಸಿದು ಕುಳಿತಳಂತೆ, ಅಷ್ಟೇ. ಅಂದೇ ಸಂಸ್ಕಾರ ಮುಗಿಸಿದರು. ನನಗೆ ಬೊಜ್ಜಕ್ಕೆ ಮುಟ್ಟುವ ಹಾಗೆ ಟಿಕೆಟ್ ಸಿಕ್ಕಿತು. ಹೊರಡುವುದಕ್ಕೆ ಮೊದಲ ಸಂಜೆ ಸಂಘದವರು ಅದೇ ಸಭಾಂಗಣದಲ್ಲಿ ಅವಳಿಗಾಗಿ ಸಭೆ ಕರೆದರು. ಅಷ್ಟು ಜನ ಬರುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಅಂದು ಕೆಮ್ಮಿದ ಮಕ್ಕಳು ಈಗ ಕಾಲೇಜು ಹುಡುಗರಾಗಿದ್ದರು.

ಕಾರ್ಯದರ್ಶಿಗಳು ಎರಡು ಮಾತಾಡಿ, "ಒಂದು ನಿಮಿಷದ ಮೌನ ಅವರಿಗೆ ಒಗ್ಗಲ್ಲ ಅನ್ಸುತ್ತೆ. ಆವತ್ತು ನಾನು ಮೊಬೈಲಲ್ಲಿ ತೆಗೆದ ವಿಡಿಯೋ ಇದೆ. ಅವರ ಕೂಗಿಗೆ ಇವತ್ತು ನಾವೆಲ್ಲ ಒಟ್ಟಿಗೆ ಓ ಅನ್ನೋಣ" ಎಂದರು.

ಪರದೆಯ ಮೇಲೆ ಹಸಿರು ಸೀರೆ ಬಂತು. ಕಣ್ಣು ಮುಚ್ಚಿದ ಮುಖ. ಅವರು ಆರಿಸಿದ್ದು ನಮ್ಮ ಮನೆಯ ಕೂಗನ್ನೇ. ಅದಕ್ಕೆ ಉತ್ತರ ಬಂದಿರಲಿಲ್ಲವಲ್ಲ, ಅದಕ್ಕೇ ಇರಬೇಕು. ಎರಡು ಗಿಡ್ಡ, ಒಂದು ಉದ್ದ, ಮೇಲಕ್ಕೆ. ಸಭೆ ಉಸಿರು ಎಳೆದುಕೊಂಡಿತು.

"ಬೇಡ!" ಎಂದೆ. ನಾನು ಯಾವಾಗ ಎದ್ದು ನಿಂತೆನೋ ನನಗೇ ತಿಳಿಯಲಿಲ್ಲ. "ಯಾರೂ ಓ ಅನ್ನಬೇಡಿ. ಆ ಮನೆಯಲ್ಲಿ ಸೂತಕ ಉಂಟು."

ಕಾರ್ಯದರ್ಶಿಗಳು ವಿಡಿಯೋ ನಿಲ್ಲಿಸಿದರು. ಮೆಲ್ಲಗೆ ಕೇಳಿದರು, "ಆದ್ರೆ ಸಾರ್, ಆ ಮನೇಲಿ ಯಾರೂ ಇಲ್ಲ ಅಂತ ಅವರೇ ಹೇಳಿದ್ರಲ್ಲ?"

"ಇದ್ದೇನೆ. ನಾನಿದ್ದೇನೆ. ಅವಳು ನನ್ನ ಒಡಹುಟ್ಟಿದ ಅಕ್ಕ. ಸೂತಕ ನನಗೆ."

ದೊಡ್ಡ ಮನೆಯ ಮಾತು ತೆಗೆದ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಹೇಳಿದೆ. ಕಂಬದ ಮನೆ ನಮ್ಮದಲ್ಲ, ಅಲ್ಲಿ ಭತ್ತ ಕುಟ್ಟಿದ್ದು ನನ್ನ ಅಮ್ಮ, ಕುದ್ರುವಿನ ಆ ನಾತ ನನ್ನದೂ ಹೌದು ಎಂದೆ. ಇಷ್ಟು ವರ್ಷ ಕಾದು, ಓ ಎನ್ನಲು ನಾನು ಸಿದ್ಧನಾದ ದಿನ ಓ ಎನ್ನುವ ಹಕ್ಕು ನನಗಿರಲಿಲ್ಲ. ಹಾಗೆಯೇ ನಿಂತಿದ್ದೆ. ಕುಳಿತುಕೊಳ್ಳಬೇಕೋ ಹೊರಗೆ ಹೋಗಬೇಕೋ ತಿಳಿಯಲಿಲ್ಲ.

ಆಗ ಹಿಂದಿನಿಂದ ಸದ್ದು ಬಂತು. ಟಕ್ ಟಕ್. ತಿರುಗಿ ನೋಡಿದೆ. ಕುಂದಾಪುರದ ಆ ಇಲೆಕ್ಟ್ರಿಷಿಯನ್ ಗೋಡೆಯ ಪಕ್ಕದ ಮೇಜಿಗೆ ಗೆಣ್ಣಿನಿಂದ ಬಡಿಯುತ್ತಿದ್ದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಅಕ್ಕ ತೋರಿಸಿಕೊಟ್ಟದ್ದನ್ನು ಅವನು ಮರೆತಿರಲಿಲ್ಲ.

ನಾನು ಪರದೆಯ ಕಡೆ ತಿರುಗಿದೆ. ಅವಳ ಕಣ್ಣು ಇನ್ನೂ ಮುಚ್ಚಿಯೇ ಇತ್ತು. ನಮ್ಮ ತುಳುವಿನಲ್ಲೇ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ. ಕನ್ನಡದಲ್ಲಿ ಬರೆದರೆ ಇಷ್ಟು:

"ಅಕ್ಕಾ, ಆ ದಿನ ನೀನು ಕೂಗಿದ್ದು ನನಗೆ ಕೇಳಿತ್ತು. ನಾನು ಇಲ್ಲೇ ಇದ್ದೆ. ತಪ್ಪಾಯ್ತು ಅಕ್ಕ."